ರಗ್ಗು ಹೊದಿಸಿದರೆ ಆಮಿಷವೇ?

ಡಿಸೆಂಬರ್ ಕೊನೆಯ ವಾರ. ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಎಂಟು ಗಂಟೆಯಾದರೂ ಚಿಕ್ಕಬಳ್ಳಾಪುರದ ಮೇಲಿಂದ ಕದಲುವುದಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಮುದುಡಿ ಮಲಗಿದವನಿಗೆ ಯಾರೋ ಬಂದು ಒಂದು ರಗ್ಗು ಹೊದಿಸಿ ಹೋದರು ಅನ್ನಿ. ಅದು ದಾನವೋ, ಆಮಿಷವೋ? ಹೊದಿಸಿದವರು ಕ್ಲಬ್ಬಿನವರಾದರೆ ಮರುದಿನದ ಪತ್ರಿಕೆಯಲ್ಲಿ ಫೋಟೊ. ಅಯ್ಯಪ್ಪ ಮಾಲೆ ಹಾಕಿದವರಾದರೆ ಪುಣ್ಯ. ಮುಖಂಡರೊಬ್ಬರ ಹುಟ್ಟುಹಬ್ಬವಾದರೆ ಸರ್ಕಲ್ಲಿನಲ್ಲಿ ಫ್ಲೆಕ್ಸು. ಆದರೆ ಹೊದಿಸಿದ್ದು ಓಣಿಯೊಂದರ ಸಣ್ಣ ಚರ್ಚಿನ ಸಭಾಪಾಲಕರೂ ನಾಲ್ಕು ಮಂದಿ ಹುಡುಗರೂ ಆಗಿದ್ದರೆ? ಆಗ ಕಾನೂನಿನ ಪುಸ್ತಕ ತೆಗೆದು ನೋಡಬೇಕಾಗುತ್ತದೆ.

ಪುಸ್ತಕದಲ್ಲಿ ಏನಿದೆ ಎಂದು ಸ್ವಲ್ಪ ನಿಧಾನವಾಗಿಯೇ ನೋಡೋಣ. ಎಲ್ಲರೂ ಮತಾಂತರ ನಿಷೇಧ ಕಾಯ್ದೆ ಎನ್ನುವ ಇದರ ನಿಜವಾದ ಹೆಸರಿನಲ್ಲಿ 'ಧಾರ್ಮಿಕ ಸ್ವಾತಂತ್ರ್ಯದ ಹಕ್ಕಿನ ಸಂರಕ್ಷಣೆ' ಎಂಬ ಮಾತಿದೆ. ಹೆಸರಿಟ್ಟವರ ಹಾಸ್ಯಪ್ರಜ್ಞೆ ದೊಡ್ಡದು. ಆಮಿಷ ಎಂದರೇನು ಎಂದು ಹೇಳುವಲ್ಲಿ ಉಡುಗೊರೆ ಇದೆ, ನಗದು ಅಥವಾ ವಸ್ತುರೂಪದ ಲಾಭ ಇದೆ, ಉದ್ಯೋಗ ಇದೆ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ ಇದೆ, ಒಳ್ಳೆಯ ಬದುಕಿನ ಭರವಸೆಯೂ ಇದೆ. ಇಬ್ಬರು ಮತ ಬದಲಿಸಿದರೆ ಅದು ಸಾಮೂಹಿಕ ಮತಾಂತರ. ಗಂಡ ಹೆಂಡತಿ ಸೇರಿದರೆ ಸಮೂಹವಾಯಿತು! ಶಿಕ್ಷೆ ಮೂರರಿಂದ ಐದು ವರ್ಷ. ಮತ ಬದಲಿಸಿದವರು ಹೆಂಗಸರು, ಮಕ್ಕಳು, ಪರಿಶಿಷ್ಟರಾದರೆ ಹತ್ತು ವರ್ಷದವರೆಗೆ. ತಾನಾಗಿ ಮತ ಬದಲಿಸುವವನೂ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದು ಕಚೇರಿಯ ಸೂಚನಾ ಫಲಕಕ್ಕೆ ಬೀಳುತ್ತದೆ, ಯಾರು ಬೇಕಾದರೂ ಆಕ್ಷೇಪಿಸಬಹುದು. ದೂರು ಕೊಡಲು ಅಪ್ಪ, ಅಮ್ಮ, ಅಣ್ಣ, ತಂಗಿ ಮಾತ್ರವಲ್ಲ, ದೂರದ ನಂಟರಿಗೂ ಸಹೋದ್ಯೋಗಿಗೂ ದಾರಿಯಿದೆ. ಎಲ್ಲಕ್ಕಿಂತ ಕೆಟ್ಟದ್ದು ಇದು: ತಪ್ಪು ಮಾಡಿಲ್ಲ ಎಂದು ರುಜುವಾತು ಮಾಡುವ ಹೊಣೆ ಆರೋಪಿಯದೇ. ಕೊಟ್ಟ ರಗ್ಗಿನ ಹಿಂದೆ ಏನೂ ಇರಲಿಲ್ಲ ಎಂದು ಹೇಗೆ ತೋರಿಸುವುದು? ಇಲ್ಲದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಈ ಮಸೂದೆಗೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ. ಅದೇ ದಿನ ಬೆಳಗಿನ ಜಾವ ನಮ್ಮ ಜಿಲ್ಲೆಯ ಸೂಸೈಪಾಳ್ಯದ ಸಂತ ಜೋಸೆಫರ ದೇವಾಲಯದಲ್ಲಿ ಸಂತ ಅಂತೋಣಿಯವರ ಪ್ರತಿಮೆಯನ್ನು ಯಾರೋ ಒಡೆದಿದ್ದರು. ಸುಮಾರು 160 ವರ್ಷ ಹಳೆಯ ದೇವಾಲಯವದು. ಸೂಸೈ ಎಂದರೆ ಜೋಸೆಫ್. ಊರಿನ ಹೆಸರೇ ಸಂತನದು, ಆ ಹೆಸರು ಇಲ್ಲಿನ ನಾಲಿಗೆಯ ಮೇಲೆ ತಲೆಮಾರುಗಳಿಂದ ಇದೆ. ಒಡೆದವರು ಯಾರು, ಏಕೆ ಒಡೆದರು ಎಂಬುದರ ಮೇಲೆ ನನ್ನ ವಾದ ನಿಂತಿಲ್ಲ. ಬೆಳಗಾವಿಗೂ ಸೂಸೈಪಾಳ್ಯಕ್ಕೂ ತಂತಿ ಕಟ್ಟಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಆ ತಿಂಗಳ ಗಾಳಿ ನೆನಪಿದೆ. ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಕ್ರೈಸ್ತ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟಿದ್ದರು. ಪಾಂಡವಪುರದಲ್ಲಿ ಶಾಲೆಯೊಂದಕ್ಕೆ ನುಗ್ಗಿ ಮಕ್ಕಳ ಕ್ರಿಸ್‌ಮಸ್ ಆಚರಣೆಯನ್ನು ಪ್ರಶ್ನಿಸಿದ್ದರು. ಕಾನೂನು ಇನ್ನೂ ಕಾನೂನಾಗಿರಲಿಲ್ಲ. ಬೀದಿಗೆ ಮಾತ್ರ ಆಗಲೇ ಅಪ್ಪಣೆ ಸಿಕ್ಕಂತಿತ್ತು.

ಇಂಥ ಕಾನೂನಿನ ಪೆಟ್ಟು ದೊಡ್ಡ ಗೋಪುರದ ಚರ್ಚುಗಳಿಗೆ ತಟ್ಟುವುದು ಕಡಿಮೆ. ಅವರಿಗೆ ವಕೀಲರಿದ್ದಾರೆ, ಬಿಷಪ್ಪರಿದ್ದಾರೆ, ಶಾಲೆಗೆ ಮಕ್ಕಳನ್ನು ಸೇರಿಸಲು ಶಿಫಾರಸು ಪತ್ರ ಹಿಡಿದು ಬರುವ ಎಲ್ಲ ಪಕ್ಷದ ನಾಯಕರಿದ್ದಾರೆ. ಪೆಟ್ಟು ಬೀಳುವುದು ಶೀಟಿನ ಮಾಡಿನ ಸಭೆಗಳಿಗೆ. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬಾಣಲೆಗೆ ಕೈ ಇಟ್ಟು ರೇಷ್ಮೆ ನೂಲು ಬಿಚ್ಚುವವರು, ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕ್ರೇಟು ಹೊರುವವರು, ಗೌರಿಬಿದನೂರಿನಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು, ಇಂಥ ಮೂವತ್ತು ನಲವತ್ತು ಮನೆಯವರು ಸೇರಿದರೆ ಒಂದು ಸಭೆ. ಹಾಡು ಅರ್ಧ ಕನ್ನಡ, ಅರ್ಧ ತೆಲುಗು. ಕ್ರಿಸ್‌ಮಸ್ ವಾರ ಬಂತೆಂದರೆ ರಾತ್ರಿ ತಮಟೆಯೋ ಗಿಟಾರೋ ಹಿಡಿದು ಮನೆಮನೆಗೆ ಕ್ಯಾರಲ್ಸ್. ಬೀಳುವ ಕಾಣಿಕೆ ಹತ್ತು, ಇಪ್ಪತ್ತು, ಐವತ್ತು ರೂಪಾಯಿ. ಆ ದುಡ್ಡಿನಲ್ಲೇ ರಗ್ಗು, ಒಂದು ಹೊತ್ತಿನ ಅನ್ನ, ಸರ್ಕಾರಿ ಆಸ್ಪತ್ರೆಯ ವಾರ್ಡಿಗೆ ಬ್ರೆಡ್ಡು ಹಣ್ಣು. ವಿದೇಶಿ ಹಣ ಹರಿದು ಬರುತ್ತಿದೆ ಎಂದು ಭಾಷಣ ಮಾಡುವವರು ಒಮ್ಮೆ ಇಂಥ ಸಭೆಯ ಕಾಣಿಕೆ ತಟ್ಟೆಯನ್ನು ನೋಡಬೇಕು. ಕೊಡುವವನೂ ಬಡವ, ತೆಗೆದುಕೊಳ್ಳುವವನೂ ಬಡವ. ನಡುವೆ ಆಮಿಷ ಎಲ್ಲಿ ನಿಲ್ಲುತ್ತದೆ?

ಇದೆಲ್ಲ ಹೊಸದೂ ಅಲ್ಲ. ಚಿಕ್ಕಬಳ್ಳಾಪುರದ ಹಳಬರು ಇಂದಿಗೂ 'ಮಿಷನ್ ಆಸ್ಪತ್ರೆ' ಎನ್ನುವುದು ಈಗಿನ ಸಿಎಸ್‌ಐ ಆಸ್ಪತ್ರೆಯನ್ನು. ಲಂಡನ್ ಮಿಷನ್ನಿನವರು ಶತಮಾನದ ಹಿಂದೆ ಕಟ್ಟಿದ್ದು, ತಮ್ಮ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಂಪ್ಸನ್ನರ ನೆನಪಿಗೆ. ಬಯಲುಸೀಮೆಯ ಈ ಮೂಲೆಯಲ್ಲಿ ಹೆರಿಗೆ ಕಷ್ಟವಾದರೆ ಎತ್ತಿನ ಗಾಡಿ ತಿರುಗುತ್ತಿದ್ದದ್ದು ಅತ್ತಲೇ. ಅಲ್ಲಿ ಹುಟ್ಟಿದವರೆಲ್ಲ ಕ್ರೈಸ್ತರಾಗಿದ್ದರೆ ಈ ತಾಲ್ಲೂಕಿನಲ್ಲಿ ಇಷ್ಟು ಊರಹಬ್ಬಗಳು ನಡೆಯುತ್ತಿರಲಿಲ್ಲ. ಅಂಕಿಯೂ ಅದನ್ನೇ ಹೇಳುತ್ತದೆ. ಕರ್ನಾಟಕದಲ್ಲಿ ಕ್ರೈಸ್ತರ ಪಾಲು 2001ರ ಜನಗಣತಿಯಲ್ಲಿ ಶೇ 1.91, 2011ರಲ್ಲಿ ಶೇ 1.87. ಇನ್ನೂರು ವರ್ಷ ಆಸ್ಪತ್ರೆ, ಶಾಲೆ, ಅಚ್ಚುಕೂಟ ನಡೆಸಿದ 'ಆಮಿಷ'ದ ಫಲ ನೂರಕ್ಕೆ ಇಬ್ಬರೂ ಇಲ್ಲ.

ಇನ್ನು ನಮ್ಮ ಜಿಲ್ಲೆಯ ಬೇರೆ ದಾಸೋಹಗಳನ್ನು ನೋಡಿ. ಕೈವಾರದಲ್ಲಿ ತಾತಯ್ಯನವರ ಸನ್ನಿಧಿಗೆ ಹೋದವರಿಗೆ ಊಟವಿದೆ, ಎಲೆಯ ಮುಂದೆ ಕೂತವನ ಜಾತಿ ಕೇಳುವುದಿಲ್ಲ. ಚಿಂತಾಮಣಿ ಹತ್ತಿರದ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊರುವವರಲ್ಲಿ ಹಿಂದೂಗಳೂ ಇದ್ದಾರೆ. ಮುದ್ದೇನಹಳ್ಳಿಯಲ್ಲಿ ಸಾಯಿ ಭಕ್ತರ ಸಂಸ್ಥೆ ಉಚಿತವಾಗಿ ವೈದ್ಯಕೀಯ ಶಿಕ್ಷಣ ಕೊಡುವ ಕಾಲೇಜು ತೆರೆದಿದೆ, 2023ರ ಮಾರ್ಚ್ 25ರಂದು ಪ್ರಧಾನಿಯವರೇ ಬಂದು ಅದನ್ನು ಉದ್ಘಾಟಿಸಿದರು. ನನಗೆ ಅದು ಹೆಮ್ಮೆಯ ವಿಷಯ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಬಡವರ ಮಗಳು ಫೀಸಿಲ್ಲದೆ ಡಾಕ್ಟರಾದರೆ ಯಾವ ದೇವರ ಹೆಸರಿನಲ್ಲಾದರೂ ಆಗಲಿ. ಕೇಳುವುದು ಇಷ್ಟೇ: 'ಧಾರ್ಮಿಕ ಸಂಸ್ಥೆಯ ಉಚಿತ ಶಿಕ್ಷಣ' ಎಂಬ ಅದೇ ನಾಲ್ಕು ಪದ ಒಂದು ಕಡೆ ಸೇವೆಯಾಗಿ, ಇನ್ನೊಂದು ಕಡೆ ಅಪರಾಧದ ಪಟ್ಟಿಯಲ್ಲಿ ಏಕಿರಬೇಕು?

ಪಾದ್ರಿಗಳೆಲ್ಲ ಸಾಧುಗಳು ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಪ್ರಾರ್ಥನೆಯಿಂದ ಹೋಗುತ್ತದೆ, ಮಾತ್ರೆ ಬಿಡಿ ಎಂದು ಮೈಕಿನಲ್ಲಿ ಕೂಗುವವರಿದ್ದಾರೆ. ನೆರೆಮನೆಯವರ ದೇವರನ್ನು ಸೈತಾನ ಎನ್ನುವವರಿದ್ದಾರೆ. ಎಷ್ಟು ಆತ್ಮ ಗೆದ್ದೆ ಎಂದು ಲೆಕ್ಕ ಬರೆಯುವವರೂ ಇದ್ದಾರೆ. ನನಗೆ ಇವರನ್ನು ಕಂಡರೆ ಆಗುವುದಿಲ್ಲ. ಆದರೆ ಪರಧರ್ಮ ನಿಂದನೆಗೆ ದಂಡಸಂಹಿತೆಯ 295ಎ ಇತ್ತು, ದೇವರ ಕೋಪದ ಹೆದರಿಕೆ ಹಾಕುವವರಿಗೆ 508 ಇತ್ತು, 2024ರಿಂದ ಅವುಗಳ ಜಾಗದಲ್ಲಿ ನ್ಯಾಯ ಸಂಹಿತೆಯ ಕಲಮುಗಳಿವೆ, ಪವಾಡ ಚಿಕಿತ್ಸೆಯ ಜಾಹೀರಾತಿಗೆ 1954ರ ಕಾಯ್ದೆ ಇದೆ, ಮೌಢ್ಯ ತಡೆಗೆ ನಮ್ಮ ರಾಜ್ಯದ್ದೇ 2017ರ ಕಾಯ್ದೆ ಇದೆ. ಇವೆಲ್ಲ ಎಲ್ಲ ಮತದವರಿಗೂ ಒಂದೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪವಾಡ ಮಾಡುವವನ ಮತ ಯಾವುದು ಎಂದು ಅವರು ಮೊದಲು ಕೇಳಲಿಲ್ಲ. ಅದು ನೇರದಾರಿ.

ಬಡ ದಲಿತನನ್ನು ಆಸೆ ತೋರಿಸಿ ಸೆಳೆಯುತ್ತಾರೆ ಎಂಬುದು ಕಾಯ್ದೆಯ ಪರವಾಗಿ ಹೆಚ್ಚು ಕೇಳಿಬರುವ ಮಾತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಮೀಸಲಾತಿಯನ್ನೇ ಕಳೆದುಕೊಳ್ಳುತ್ತಾನೆ. ಓದು, ಕೆಲಸ, ಪಂಚಾಯ್ತಿ ಸೀಟು, ಎಲ್ಲದರಲ್ಲೂ. ಒಂದು ರಗ್ಗಿಗೆ, ಒಂದು ಊಟಕ್ಕೆ ಇಷ್ಟನ್ನೂ ಬಿಟ್ಟುಕೊಡುವಷ್ಟು ದಡ್ಡನೇ ಅವನು? ಅವನು ಊರಿನ ದೇವಸ್ಥಾನದ ಬಾಗಿಲಲ್ಲಿ ಏನು ಕಂಡ, ಚರ್ಚಿನ ಚಾಪೆಯ ಮೇಲೆ ಏನು ಕಂಡ ಎಂದು ಕೇಳುವ ಧೈರ್ಯ ಇಲ್ಲದವರು ಅವನಿಗೆ ಬುದ್ಧಿಯೇ ಇಲ್ಲ ಎಂದು ಕಾಯ್ದೆ ಬರೆದರು. ಹೆಂಗಸರ ವಿಷಯದಲ್ಲೂ ಅಷ್ಟೇ. ಓಟು ಹಾಕಲು ಬುದ್ಧಿಯಿದೆಯಂತೆ, ದೇವರನ್ನು ಆರಿಸಿಕೊಳ್ಳಲು ಮಾತ್ರ ಇಲ್ಲವಂತೆ.

ಬಿಜೆಪಿಯವರು ಈ ಕಾಯ್ದೆಯನ್ನು ತಮ್ಮ ನಂಬಿಕೆಯ ಪ್ರಕಾರ ತಂದರು, ಅವರೊಂದಿಗೆ ಜಗಳವಾದರೂ ಆಡಬಹುದು. ಕಾಂಗ್ರೆಸ್ಸಿನದು ಹೇಳಿಕೊಳ್ಳಲಾಗದ ಕಥೆ. ಡಿ.ಕೆ. ಶಿವಕುಮಾರ್ ಸದನದಲ್ಲಿ ಮಸೂದೆಯ ಪ್ರತಿ ಹರಿದರು. ಎರಡೇ ದಿನಕ್ಕೆ ಸಚಿವ ಮಾಧುಸ್ವಾಮಿ ಹಳೆಯ ಕಡತ ತೆಗೆದು, ಇದರ ಕರಡು ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲೇ ತಯಾರಾಗಿತ್ತು ಎಂದು ತೋರಿಸಿದಾಗ ವಿರೋಧ ಪಕ್ಷದ ಸಾಲು ಪೆಚ್ಚಾಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಪರಿಷತ್ತೂ ಒಪ್ಪಿತು. ಸರ್ಕಾರ ಬದಲಾದ ಮೇಲೆ, 2023ರ ಜೂನ್ 15ರಂದು, ಸಿದ್ದರಾಮಯ್ಯನವರ ಸಂಪುಟ ಕಾಯ್ದೆ ರದ್ದು ಮಾಡುವ ತೀರ್ಮಾನ ಮಾಡಿತು. ಸಿಹಿ ಹಂಚಿದವರೂ ಇದ್ದರು. ಜುಲೈ ಅಧಿವೇಶನ ಮುಗಿಯಿತು, ಡಿಸೆಂಬರಿನ ಬೆಳಗಾವಿ ಅಧಿವೇಶನವೂ ಮುಗಿಯಿತು. ಸಂಪುಟದ ತೀರ್ಮಾನಕ್ಕೆ ಆರು ತಿಂಗಳಾಗಿ 2023ರ ಕ್ರಿಸ್‌ಮಸ್ ಬಂದಾಗಲೂ ಕಾಯ್ದೆ ಇದ್ದಲ್ಲೇ ಇತ್ತು. 135 ಶಾಸಕರ ಬಹುಮತಕ್ಕೆ ಒಂದು ಪುಟದ ರದ್ದತಿ ಮಸೂದೆ ಇಷ್ಟು ಭಾರವೇ?

ಆ ತೀರ್ಮಾನ ಮಾಡಿದ ಸಂಪುಟದಲ್ಲಿ ಚಿಂತಾಮಣಿಯ ಶಾಸಕರಾದ ಡಾ. ಎಂ.ಸಿ. ಸುಧಾಕರ್ ಇದ್ದಾರೆ. ಜಿಲ್ಲೆಯ ಉಸ್ತುವಾರಿಯೂ ಅವರದೇ. ಮುಂದಿನ ಅಧಿವೇಶನದ ಕಾರ್ಯಪಟ್ಟಿಯಲ್ಲಿ ಆ ಮಸೂದೆ ಇರಬೇಕು ಎಂದು ಅವರು ಸಂಪುಟದಲ್ಲಿ ಒತ್ತಾಯಿಸಲಿ, ಸೂಸೈಪಾಳ್ಯಕ್ಕೂ ಒಮ್ಮೆ ಹೋಗಿ ಬರಲಿ. ಓದುಗರೇ, ನಿಮ್ಮಿಂದ ಕೇಳುವುದು ಅದಕ್ಕಿಂತ ಸುಲಭದ್ದು. ಕ್ರಿಸ್‌ಮಸ್ ವಾರದ ರಾತ್ರಿ ಬೀದಿಯಲ್ಲಿ ತಮಟೆ ಸದ್ದು ಕೇಳಿ, ಟೋಪಿ ಹಾಕಿಕೊಂಡ ಹುಡುಗರು ಬಾಗಿಲು ತಟ್ಟಿದರೆ ತೆರೆಯಿರಿ. ಒಂದು ಹಾಡು ಕೇಳಿ. ಕೇಕು ಕೊಟ್ಟರೆ ತಿನ್ನಿ. ಸಂಕ್ರಾಂತಿಗೆ ಅವರ ಮನೆಗೂ ಎಳ್ಳುಬೆಲ್ಲ ಕಳಿಸಿ.