ಹೊದಿಕೆ ಹೊದ್ದ ಯಂತ್ರ

ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಕೋವಿಡ್ ಕಾಲದಿಂದ ಒಂದು ಪ್ರಶ್ನೆ ಸವೆದು ಹೋಗಿದೆ: "ಇಷ್ಟು ಜನ ಇದೀವಿ, ನಮ್ಮೋರು ಯಾಕೆ ಹೊಸ ಔಷಧಿ ಕಂಡುಹಿಡಿಯಲ್ಲ?" ಕೇಳುವವರು ಯಾರು? ಮಕ್ಕಳ ಪಿಯುಸಿ ಮುಗಿಯೋದೇ ತಡ, ಕಂಪ್ಯೂಟರ್ ಸೈನ್ಸ್ ಸೀಟಿಗೆ ಓಡುವ ನಾವೇ.

ನನ್ನ ಚಿಕ್ಕಪ್ಪನ ಮಗಳು ಬಿ.ಫಾರ್ಮ್ ಓದಿದಳು. ಊರಿನವರ ಲೆಕ್ಕದಲ್ಲಿ ಅದು ಮೆಡಿಕಲ್ ಶಾಪ್ ಇಡುವ ಓದು. ಅವಳಿಗೆ ಬೇಕಿದ್ದದ್ದು ಸಂಶೋಧನೆ. ಕಾಲೇಜಿನಲ್ಲಿ ಎಚ್‌ಪಿಎಲ್‌ಸಿ ಯಂತ್ರ ಇತ್ತಂತೆ. ಔಷಧದಲ್ಲಿ ಬೇಕಾದ್ದು ಎಷ್ಟಿದೆ, ಬೇಡದ್ದು ಎಷ್ಟು ಸೇರಿದೆ ಅಂತ ಬೇರ್ಪಡಿಸಿ ತೋರಿಸೋ ಯಂತ್ರ. ನಾಲ್ಕು ವರ್ಷದಲ್ಲಿ ಅದರ ಹೊದಿಕೆ ತೆಗೆದದ್ದು ಇನ್‌ಸ್ಪೆಕ್ಷನ್ ದಿನ ಮಾತ್ರ. ರೆಕಾರ್ಡ್ ಪುಸ್ತಕದ ಗ್ರಾಫು? ಸೀನಿಯರ್ ಪುಸ್ತಕ ನೋಡಿ ಬರೆದದ್ದು. "ಅಣ್ಣಾ, ಬೇಸ್‌ಲೈನ್ ಅಲುಗಾಡಿದ್ರೆ ಏನ್ಮಾಡ್ತೀರಾ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರು. ನಮ್ಮ ರೆಕಾರ್ಡಲ್ಲಿ ಅದು ಯಾವತ್ತೂ ಅಲುಗಾಡಿರ್ಲಿಲ್ಲ" ಅಂದಳು.

ಇನ್‌ಸ್ಪೆಕ್ಷನ್‌ಗೆ ಬರೋರು ಯಂತ್ರ ಇದೆಯಾ ಅಂತ ನೋಡೋದಲ್ಲ, ಯಂತ್ರದ ಲಾಗ್ ನೋಡಬೇಕು. ಯಾವ ದಿನ ಓಡಿತು, ಯಾವ ಹುಡುಗಿ ಸ್ಯಾಂಪಲ್ ಹಾಕಿದಳು? ಸರ್ವರ್ ಚೆನ್ನಾಗಿದೆ ಅಂತ ಮ್ಯಾನೇಜರ್ ಹೇಳಿದ್ರೂ ನಾವು ಲಾಗ್ ತೆಗೆದು ನೋಡಲ್ವಾ?

ನಮ್ಮವರಿಗೆ ಬುದ್ಧಿ ಇಲ್ಲ ಅನ್ನೋ ಮಾತು ನಾನು ಒಪ್ಪಲ್ಲ. 1970ರ ಪೇಟೆಂಟ್ ಕಾಯ್ದೆ ಔಷಧಕ್ಕಲ್ಲ, ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಟ್ಟಿತು. ಬೇರೆಯವರ ಔಷಧವನ್ನು ಬೇರೆ ದಾರಿಯಲ್ಲಿ, ಅಗ್ಗವಾಗಿ ಮಾಡೋದರಲ್ಲಿ ನಮ್ಮೋರು ಪಳಗಿದರು. ಸಣ್ಣ ಸಾಧನೆ ಅಲ್ಲ ಅದು. 2005ರಲ್ಲಿ ಕಾನೂನು ಬದಲಾಗಿ ಔಷಧಕ್ಕೇ ಪೇಟೆಂಟ್ ಬಂತು. ಇಂಥ ಕಾಲೇಜುಗಳ ನೋಟ್ಸ್ ಮಾತ್ರ ಬದಲಾಗಲಿಲ್ಲ.

ಇನ್ನು ಲೆಕ್ಕ. ಬಿ.ಫಾರ್ಮ್ 4 ವರ್ಷ, ಎಂ.ಫಾರ್ಮ್ 2, ಆಮೇಲೆ ಪಿಎಚ್‌ಡಿಗೆ ಇನ್ನೂ ನಾಲ್ಕೋ ಐದೋ. ಜಿಪ್ಯಾಟ್ ಪಾಸಾದರೆ ಎಂ.ಫಾರ್ಮ್‌ನಲ್ಲಿ ತಿಂಗಳಿಗೆ 12,400 ರೂಪಾಯಿ. ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಈ ಓದಿಗೇ ಅಂತ ಕೇಂದ್ರ ಸರ್ಕಾರ ನಡೆಸುವ ನೈಪರ್‌ಗಳು ಮೊಹಾಲಿಯಲ್ಲಿವೆ, ಹೈದರಾಬಾದಿನಲ್ಲಿವೆ, ಗುವಾಹಟಿಯಲ್ಲಿವೆ. ಏಳರಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ಬಯೋಟೆಕ್ ರಾಜಧಾನಿ ಅನ್ನೋ ಬೋರ್ಡು ಮಾತ್ರ ನಮ್ಮದು.

ಎಲ್ಲರನ್ನೂ ಬೈದಾಯ್ತು. ಜಿಪ್ಯಾಟ್ ಬರೀಲಾ ಅಂತ ಅವಳು ಕೇಳಿದಾಗ, ಚಿಕ್ಕಪ್ಪನ ಸಾಲ ನೆನೆದು, "ಪೈಥಾನ್ ಕಲಿ, ರೆಫರ್ ಮಾಡ್ತೀನಿ" ಅಂದವನು ನಾನೇ. ಈಗ ನಮ್ಮ ಫ್ಲೋರಿನಲ್ಲೇ ಟೆಸ್ಟಿಂಗ್ ಮಾಡ್ತಾಳೆ. ಮೊನ್ನೆ ಕೆಫೆಟೇರಿಯಾದಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.