ಎಕ್ಸ್‌ಪೋರ್ಟ್ ಮಾಡಿದ್ರೆ ಕ್ವಾಲಿಟಿ ಹೋಗೇ ಹೋಗುತ್ತಾ?

"ಎಕ್ಸ್‌ಪೋರ್ಟ್ ಮಾಡಿದ ಮ್ಯಾಲೆ ಕ್ವಾಲಿಟಿ ಹೋಗೇ ಹೋಗ್ತತಿ ಅಣ್ಣಾ. ಅದು ಹಂಗಾ."

ಈ ಮಾತನ್ನ ನಾನು ಎರಡು ಸಲ ಕೇಳಿದೀನಿ. ಎರಡೂ ಸಲ ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೇ, ಎರಡು ಬೇರೆ ಬೇರೆ ಸ್ಟುಡಿಯೋಗಳಲ್ಲಿ. ಮೊದಲನೇ ಸಲ 2008ರಲ್ಲಿ, ಹರಿಹರದಲ್ಲಿ ನಡೆದ ಅಕ್ಕನ ಮದುವೆಯ ಡೀವೀಡಿ ಕೈಗೆ ಬಂದಾಗ. ಎರಡನೇ ಸಲ ಕಳೆದ ತಿಂಗಳು, ಚಿಕ್ಕಪ್ಪನ ಮಗನ ಮದುವೆಯ ಪೆನ್‌ಡ್ರೈವ್ ಬಂದಾಗ. ಹೆಸರು ಹೇಳಲ್ಲ. ಇದು ಯಾವುದೋ ಒಂದು ಅಂಗಡಿಯ ಕತೆ ಅಲ್ಲ, ನಿಮ್ಮೂರಲ್ಲೂ ಇದೇ ಮಾತು ಕೇಳಿರ್ತೀರಿ.

ಮೊದಲನೇ ಸಲ ನಾನು ನಂಬಿಬಿಟ್ಟೆ. ಅದಕ್ಕೇ ಈ ಸಿಟ್ಟು.

ಅಕ್ಕನ ಮದುವೆ ಡೀವೀಡಿಯಲ್ಲಿ ನಮ್ಮಜ್ಜಿ ಇದಾಳೆ. ಅರಿಶಿನ ಶಾಸ್ತ್ರದ ಹೊತ್ತಿಗೆ ಸೋಬಾನೆ ಹೇಳ್ತಾ ಆರತಿ ಎತ್ತುತ್ತಾಳೆ. ಅವಳು ಓಡಾಡಿದ, ಹಾಡಿದ ಚಿತ್ರ ನಮ್ಮ ಮನೇಲಿ ಇರೋದು ಇದೊಂದೇ. ಮೂರು ವರ್ಷದ ಮೇಲೆ ಅಜ್ಜಿ ಹೋದಳು. ಈಗ ಅಕ್ಕನ ಮಗಳು "ಮುತ್ತಜ್ಜಿ ಹೆಂಗಿದ್ಳು?" ಅಂದ್ರೆ ನಾವು ತೋರಿಸೋದು ಏನು? ಮುಖ ಇರಬೇಕಾದ ಕಡೆ ಚೌಕ ಚೌಕ. ಆರತಿ ತಟ್ಟೆ ಆಡಿಸಿದರೆ ಕೈಯ ಅಂಚಿಗೆ ಬಾಚಣಿಗೆ ಹಲ್ಲು. ದುಂಡಗಿನ ತಟ್ಟೆ ಮೊಟ್ಟೆಯಾಕಾರ. ಅವಳ ದನಿಯ ಮೇಲೆ ಯಾವುದೋ ಸಿನಿಮಾ ಹಾಡು ಬೇರೆ.

ಇದೆಲ್ಲ "ಹಂಗಾ" ಆಗಿದ್ದಲ್ಲ ಸ್ವಾಮಿ. ಒಂದೊಂದಕ್ಕೂ ಕಾರಣ ಇದೆ.

ಆಗ ಶೂಟ್ ಮಾಡಿದ್ದು ಮಿನಿಡೀವಿ ಕ್ಯಾಸೆಟ್ಟಿನಲ್ಲಿ. ನಮ್ಮಲ್ಲಿ ಬಳಸೋ ಪಾಲ್ ಪದ್ಧತಿಯಲ್ಲಿ ಅದು 720×576 ಚಿತ್ರ, ಸೆಕೆಂಡಿಗೆ ಸುಮಾರು 25 ಮೆಗಾಬಿಟ್, ಗಂಟೆಗೆ ಸುಮಾರು 13 ಜೀಬಿ. ನಮಗೆ ಕೊಟ್ಟದ್ದು ಮೂರೂವರೆ ಗಂಟೆಯ ಸಿನಿಮಾ, ಒಂದೇ 4.7 ಜೀಬಿ ಡಿಸ್ಕಿನಲ್ಲಿ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 3 ಮೆಗಾಬಿಟ್ ಕೂಡ ಸರಿಯಾಗಿ ಬರಲ್ಲ. ಡೀವೀಡಿಯ ಎಂಪೆಗ್-2 ಪದ್ಧತಿ ಡೀವಿಗಿಂತ ಜಾಣತನದಿಂದ ಕುಗ್ಗಿಸುತ್ತೆ, ಒಪ್ಪಿದೆ. ಆರೇಳು ಮೆಗಾಬಿಟ್ ಕೊಟ್ಟಿದ್ರೆ ಚೆನ್ನಾಗೇ ಕಾಣ್ತಿತ್ತು. ಮೂರಕ್ಕೆ ಇಳಿಸಿ, ಮೇಲೆ ಸೀರಿಯಲ್ ಸೆಟ್ಟು, ಫ್ಲಾಶು, ಉದುರೋ ಗುಲಾಬಿ ಎಸಳಿನ ಎಫೆಕ್ಟು ಸುರಿದ್ರೆ ಚೌಕ ಆಗದೆ ಇನ್ನೇನಾಗುತ್ತೆ?

ಬಾಚಣಿಗೆ ಹಲ್ಲಿನ ಕತೆ ಬೇರೆ. ಡೀವಿ ಚಿತ್ರದ ಪ್ರತಿ ಫ್ರೇಮೂ ಎರಡು ಅರ್ಧಗಳಾಗಿ ಇರುತ್ತೆ, ಬೆಸ ಗೆರೆಗಳು ಒಂದು, ಸಮ ಗೆರೆಗಳು ಇನ್ನೊಂದು. ಡೀವಿಯಲ್ಲಿ ಕೆಳಗಿನ ಅರ್ಧ ಮೊದಲು. ಡೀವೀಡಿ ಮಾಡುವಾಗ ಮೇಲಿನದು ಮೊದಲು ಅಂತ ತಪ್ಪು ಗುಂಡಿ ಒತ್ತಿದ್ರೆ ಅಲುಗಾಡಿದ್ದೆಲ್ಲ ನಡುಗುತ್ತೆ, ಅಂಚು ಹರಿಯುತ್ತೆ. ತಟ್ಟೆ ಮೊಟ್ಟೆಯಾಗಿದ್ದು 4:3 ಚಿತ್ರವನ್ನ 16:9ಕ್ಕೆ ಎಳೆದದ್ದಕ್ಕೆ. ಎರಡೂ ಒಂದೊಂದು ಕ್ಲಿಕ್ಕಿನ ತಪ್ಪು.

ಮೂಲ ಕ್ಯಾಸೆಟ್ ಇದ್ದಿದ್ರೆ ಇವತ್ತೂ ಎಲ್ಲ ಸರಿಮಾಡಬಹುದಿತ್ತು, ಸಿನಿಮಾ ಹಾಡಿಲ್ಲದ ಅಜ್ಜಿಯ ದನಿ ಸಮೇತ. ಹೋಗಿ ಕೇಳಿದೆ. "ಅದರ ಮ್ಯಾಲೆ ಬ್ಯಾರೆ ಮದುವಿ ತಗದ್ವಿ ರೀ" ಅಂದ್ರು.

ನಾಸಾದವರೇ ಇದನ್ನ ಮಾಡಿದಾರೆ. 1969ರಲ್ಲಿ ಚಂದ್ರನಿಂದ ಬಂದ ಮೂಲ ಚಿತ್ರ ಟೀವಿಯಲ್ಲಿ ಜನ ಕಂಡದ್ದಕ್ಕಿಂತ ಸ್ಪಷ್ಟವಾಗಿತ್ತು. ಟೀವಿಯ ಪದ್ಧತಿಗೆ ಬದಲಾಯಿಸುವಾಗ ಮಬ್ಬಾಯ್ತು. ಆ ಮೂಲದ ಟೇಪುಗಳನ್ನ ಅಳಿಸಿ ಮತ್ತೆ ಬಳಸಿಬಿಟ್ಟಿರಬೇಕು ಅಂತ 2009ರಲ್ಲಿ ಅವರೇ ಹೇಳಿಕೊಂಡ್ರು. ನಮ್ಮ ಕನ್ನಡದ ಮೊದಲ ವಾಕ್ಚಿತ್ರ, 1934ರ ಸತಿ ಸುಲೋಚನ, ಒಂದು ಪ್ರತಿಯೂ ಉಳಿದಿಲ್ಲ ಅಂತ ನಾವೆಲ್ಲ ಮರುಗ್ತೀವಿ. ಮರುಗ್ತಾ ಮರುಗ್ತಾ ನಮ್ಮನೆ ಸುಲೋಚನೆಯರನ್ನ ನಾವೇ ಅಳಿಸ್ತಾ ಇದೀವಿ.

ಈಗ ಎರಡನೇ ಸಲದ್ದು ಕೇಳಿ. ಕ್ಯಾಮೆರಾ 4ಕೆ, ಸೆಕೆಂಡಿಗೆ 100 ಮೆಗಾಬಿಟ್ ಬರೆಯುವಂಥದ್ದು. ಕೊಟ್ಟ ಸಿನಿಮಾ ಮೂರು ಗಂಟೆ. ಸೀರೆಯ ಜರಿಯೆಲ್ಲ ಕಲಸಿಹೋಗಿತ್ತು. ಮನೆಗೆ ಬಂದು ಮೀಡಿಯಾಇನ್ಫೋ ಅನ್ನೋ ಪುಕ್ಕಟೆ ತಂತ್ರಾಂಶದಲ್ಲಿ ಫೈಲ್ ತೆರೆದು ನೋಡಿದ್ರೆ, ಅದೇ 3 ಮೆಗಾಬಿಟ್! ಇಷ್ಟು ವರ್ಷ ಆದ್ರೂ ಅದೇ ಮೂರು!!

ಈ ಸಲ ಬಿಡಲಿಲ್ಲ. ಸ್ಟುಡಿಯೋಗೆ ಹೋಗಿ ಎಡಿಟಿಂಗ್ ಹುಡುಗನ ಪಕ್ಕ ಕುರ್ಚಿ ಹಾಕಿಕೊಂಡೆ. ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. ಯಾಕಪ್ಪಾ ಮೂರು ಅಂದೆ. "4 ಜೀಬಿ ದಾಟಿದ್ರೆ ಪೆನ್‌ಡ್ರೈವ್‌ಗೆ ಕಾಪಿ ಆಗಂಗಿಲ್ಲ ಅಣ್ಣಾ, ಎರರ್ ಬರ್ತತಿ." ನೋಡಿದ್ರೆ ಪೆನ್‌ಡ್ರೈವ್ ಇದ್ದದ್ದು ಫ್ಯಾಟ್32ರಲ್ಲಿ. 1996ರ ಕಾಲದ ಪದ್ಧತಿ, ಒಂದು ಫೈಲು 4 ಜೀಬಿ ಮೀರುವಂತಿಲ್ಲ. 32 ಜೀಬಿ ಜಾಗದಲ್ಲಿ 28 ಖಾಲಿ ಬಿಟ್ಟು ಮದುವೆಯನ್ನ ಹಿಂಡಿ ತುಂಬಿದಾರೆ! ಸಾಲದ್ದಕ್ಕೆ ಹಳೇ ಟೆಂಪ್ಲೇಟಿನ ಟೈಮ್‌ಲೈನು 720ರದ್ದು. ಅಂದ್ರೆ 4ಕೆ ಚಿತ್ರವನ್ನ 720ಕ್ಕೆ ಇಳಿಸಿ, ಎಕ್ಸ್‌ಪೋರ್ಟಿನಲ್ಲಿ 1080ಕ್ಕೆ ಹಿಗ್ಗಿಸಿದಾರೆ. ಒಮ್ಮೆ ಹೋದ ವಿವರ ಹಿಗ್ಗಿಸಿದ್ರೆ ವಾಪಸ್ ಬರುತ್ತಾ?

ಪೆನ್‌ಡ್ರೈವನ್ನ ಎಕ್ಸ್‌ಫ್ಯಾಟ್ ಮಾಡಿದ್ವಿ, ಟೈಮ್‌ಲೈನು 1080ಕ್ಕೆ ಹಾಕಿದ್ವಿ, 20 ಮೆಗಾಬಿಟ್ ಕೊಟ್ವಿ. ಸುಮಾರು 27 ಜೀಬಿ, ಹಾಯಾಗಿ ಹಿಡೀತು. ಎಕ್ಸ್‌ಪೋರ್ಟ್ ಆಗೋ ಹೊತ್ತಿಗೆ ಇಬ್ಬರೂ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದ್ವಿ. ತೆರೆದು ನೋಡಿದ್ರೆ ಜರಿಯ ಎಳೆ ಎಣಿಸಬಹುದು. ಹುಡುಗನೇ "ಹೌದಲ್ಲ ಅಣ್ಣಾ" ಅಂದ.

ಅಲ್ಲಿಗೆ "ಹೋಗೇ ಹೋಗ್ತತಿ" ಅನ್ನೋದು ಸುಳ್ಳು ಅಂತಾಯ್ತು. ಎಕ್ಸ್‌ಪೋರ್ಟ್ ಅಂದ್ರೆ ಮತ್ತೊಮ್ಮೆ ಕುಗ್ಗಿಸೋದು, ಸ್ವಲ್ಪ ಹೋಗುತ್ತೆ ನಿಜ. ಆದ್ರೆ ಕಣ್ಣಿಗೆ ಕಾಣದಷ್ಟು ಹೋಗೋದಕ್ಕೂ ಅಜ್ಜಿಯ ಮುಖವೇ ಹೋಗೋದಕ್ಕೂ ವ್ಯತ್ಯಾಸ ಇಲ್ವಾ? ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ತೆಗೆದು, ಅಕ್ಷರ ಮಾಸೋದು ಕಾಗದದ ಹಣೆಬರಹ ಅಂದ ಹಾಗಾಯ್ತು.

ಇನ್ನು ನಮ್ಮ ತಪ್ಪು. ಸ್ಟುಡಿಯೋದವರನ್ನಷ್ಟೇ ಬೈದು ಕೂತ್ರೆ ನ್ಯಾಯ ಅಲ್ಲ. 2008ರಲ್ಲಿ "ಎರಡು ಡಿಸ್ಕ್ ಯಾಕ್ರಿ, ಎಲ್ಲಾ ಒಂದ್ರಾಗೇ ಬರ್ಲಿ" ಅಂದದ್ದು ನಮ್ಮಪ್ಪಾಜಿ. ನಾಲ್ಕು ಕ್ಯಾಸೆಟ್ಟಿನ ದುಡ್ಡು ಕೊಟ್ಟು ಮೂಲ ಇಸ್ಕೊಳ್ಳೋಣ ಅಂತ ಹೊಳೆಯದೇ ಹೋದದ್ದು ನನಗೆ. ಊಟಕ್ಕೆ ಮೂರು ಬಗೆ ಸಿಹಿ ಮಾಡಿಸಿದ್ವಿ, ಕ್ಯಾಸೆಟ್ಟಿಗೆ ಚೌಕಾಸಿ ಮಾಡಿದ್ವಿ. ಈಗಲೂ ಅಷ್ಟೇ, ವಾಟ್ಸಾಪಲ್ಲಿ ಬಂದ ತುಣುಕನ್ನೇ ಮೂಲ ಅಂದ್ಕೊಂಡು ಫೋನಿನಿಂದ ನಿಜವಾದ ಮೂಲ ಅಳಿಸ್ತೀವಿ. ಅದನ್ನೇ ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಫೈಲು ಇದ್ದ ಹಾಗೇ ಹೋಗುತ್ತೆ, ಎಷ್ಟು ಜನ ಹಾಗೆ ಕಳಿಸ್ತೀವಿ?

ನಾನು ಕೇಳೋದು ಮೂರೇ. ಮದುವೆಗೆ ಮುಂಗಡ ಕೊಡುವಾಗಲೇ "ಕ್ಯಾಮೆರಾದ ಮೂಲ ಫೈಲುಗಳೂ ಬೇಕು" ಅಂತ ಬರೆಸಿಕೊಳ್ಳಿ, ಹಾರ್ಡ್‌ಡಿಸ್ಕ್ ನೀವೇ ತಗೊಂಡು ಹೋಗಿ ಕೊಡಿ. ಸಿನಿಮಾ ಕೈಗೆ ಬಂದ ದಿನವೇ ಬಿಟ್‌ರೇಟ್ ನೋಡಿ, ಪ್ರಾಜೆಕ್ಟ್ ಅಳಿಸೋದರೊಳಗೆ ಜಗಳ ಆಡಿ. ಮೂಲ ಎರಡು ಕಡೆ ಇಡಿ.

ಚಿಕ್ಕಪ್ಪನ ಮಗನ ಮೂಲ ಫೈಲುಗಳು ಈಗ ನನ್ನ ಹತ್ರ ಇವೆ. ಅವನ ಮೊಮ್ಮಕ್ಕಳು ಜರಿ ಎಣಿಸಲಿ.

ನಮ್ಮಜ್ಜಿ ಮಾತ್ರ ಚೌಕಗಳಲ್ಲೇ ಉಳಿದಳು. ನಿಮ್ಮನೆ ಅಟ್ಟದ ಮೇಲೆ ಹಳೇ ಮಿನಿಡೀವಿ ಕ್ಯಾಸೆಟ್ ಇದ್ರೆ ಇವತ್ತೇ ಇಳಿಸಿ. ಅದನ್ನ ಓದೋ ಕ್ಯಾಮೆರಾಗಳೂ ಸಾಯ್ತಾ ಇವೆ.