ಗೇಣುದ್ದದ ನಾಯಕಿಗೊಂದು ಕುಪ್ಪಸ

ಒಂದು ಸಣ್ಣ ಪರೀಕ್ಷೆ ಸ್ವಾಮಿ, ಹೆದರಬೇಡಿ. ಪಿಯುಸಿ ಅರ್ಧಕ್ಕೆ ಬಿಟ್ಟವನು ಕೇಳೋ ಪ್ರಶ್ನೆ ಅಷ್ಟೇನೂ ಕಠಿಣ ಇರೋದಿಲ್ಲ!

1971ರ ‘ಕಸ್ತೂರಿ ನಿವಾಸ’ದಲ್ಲಿ ಅಣ್ಣಾವ್ರ ಗೊಂಬೆ ಹಾಡು ನಿಮಗೆಲ್ಲ ಬಾಯಿಪಾಠ. 2017ರಲ್ಲಿ ಅಪ್ಪು ಅವರ ‘ರಾಜಕುಮಾರ’ ಬಂದಾಗ ಬೊಂಬೆ ಹಾಡಿಗೆ ಥಿಯೇಟರಿನ ಕತ್ತಲಲ್ಲಿ ಕಣ್ಣೊರೆಸಿಕೊಂಡವರೂ ನೀವೇ. ಸರಿ, ಈಗ ಹೇಳಿ... ಆ ಗೊಂಬೆಗಳ ಮೈಮೇಲೆ ಏನಿತ್ತು?

ನೋಡಿ, ಎಲ್ಲರೂ ಮೌನ! ನಾಯಕನ ಜಾಕೀಟಿಗೆ ಎಷ್ಟು ಗುಂಡಿ ಅಂತ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುವ ನಮ್ಮ ಹುಡುಗರು ಗೊಂಬೆಯ ಲಂಗಕ್ಕೆ ಮಾತ್ರ ಫೇಲು. ಆದ್ದರಿಂದ ಈ ವಾರ ನಮ್ಮ ಅಂಕಣದ ನಾಯಕಿ ಗೊಂಬೆ. ಕಥಾವಸ್ತು ಅವಳ ಬಟ್ಟೆ. ಹೊರಾಂಗಣ ಚಿತ್ರೀಕರಣ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯಲ್ಲಿ. ಹೀರೋ ಯಾರು ಅಂತೀರಾ? ತಾಳಿ, ಇಂಟರ್ವಲ್ ಆದ ಮೇಲೆ ಬರ್ತಾರೆ.

ಬಣ್ಣದ ಸೀರೆ

ಗೋಕಾಕ ಅಂದಕೂಡಲೇ ಚಿತ್ರರಸಿಕರಿಗೆ ನೆನಪಾಗೋದು 1982ರಲ್ಲಿ ಡಾ. ರಾಜ್ ಬೀದಿಗಿಳಿದ ಗೋಕಾಕ ಚಳವಳಿ. ಆದರೆ ಆ ಹೆಸರು ಬಂದದ್ದು ಊರಿನಿಂದಲ್ಲ, ಸಮಿತಿಯ ಅಧ್ಯಕ್ಷರಾಗಿದ್ದ ವಿ.ಕೃ. ಗೋಕಾಕರಿಂದ. ಅವರು ಹುಟ್ಟಿದ್ದು ಸವಣೂರಿನಲ್ಲಿ. ಇನ್ನು ಊರಿನದೇ ಸ್ವಂತ ಆಸ್ತಿ ಅಂದರೆ ಜಲಪಾತ, ಕರದಂಟು, ಮೂರನೆಯದು ಮರದ ಗೊಂಬೆ.

ಇಲ್ಲಿನ ಜೀನಗಾರ ಮನೆತನಗಳು ಹಗುರ ಮರ ಕೆತ್ತಿ, ಉಜ್ಜಿ, ಮೇಲೆ ಬಣ್ಣ ಹಚ್ಚಿ ಗೊಂಬೆ ಮಾಡುತ್ತ ಬಂದಿವೆ. ದೇವರು, ರೈತ, ಬುಟ್ಟಿ ಹೊತ್ತ ಹೆಂಗಸು, ಹಣ್ಣು, ಕಾಯಿಪಲ್ಲೆ. ಆ ಹೆಂಗಸಿನ ಸೀರೆಯ ದಡಿ ನೋಡಿ, ರೈತನ ರುಮಾಲಿನ ಸುತ್ತು ನೋಡಿ... ಎಲ್ಲ ಕುಂಚದ ಕೆಲಸ! ದರ್ಜಿಗೆ ಅಲ್ಲಿ ಉದ್ಯೋಗವೇ ಇಲ್ಲ.

ಚೆಂದ ಹೌದು. ಆದರೆ ಒಂದು ಕೊರತೆ. ಹಚ್ಚಿದ ಸೀರೆಯನ್ನು ಬಿಚ್ಚಿ ನೋಡೋಕಾಗಲ್ಲ. ನೆರಿಗೆ ಒಳಗೆ ಎಲ್ಲಿ ಸಿಕ್ಕಿಸಿದ್ದಾರೆ, ಕುಪ್ಪಸದ ಗಂಟು ಎಲ್ಲಿದೆ, ತೋಳು ಹೇಗೆ ಕೂತಿದೆ ಅನ್ನೋದು ಬಣ್ಣದಲ್ಲಿ ತಿಳಿಯಲ್ಲ. ಅದು ತಿಳಿಯಬೇಕಾದರೆ ಬಟ್ಟೆ ಬೇಕು, ಸೂಜಿ ಬೇಕು. ಅದಕ್ಕೆ ಮೂಡಲಗಿ ಬಸ್ಸು ಹತ್ತಿದೆ.

ಚಿಗವ್ವನ ಲೆಕ್ಕ

ಮೂಡಲಗಿಯಲ್ಲಿ ನಮ್ಮ ಚಿಗವ್ವ ಇದ್ದಾಳೆ. ಕೌದಿ ಹೊಲಿಯೋದರಲ್ಲಿ ಆ ಓಣಿಗೇ ಸ್ಟಾರು. ಹಳೇ ಸೀರೆ, ಹರಿದ ಧೋತರ ಪದರ ಪದರ ಇಟ್ಟು ಹೊಲಿದ ಕೌದಿಯ ಕೆಳಗೆ ನೀವೂ ಮಲಗಿರ್ತೀರಿ. ಕೌದಿಗೆ ಸಾಲದ ಚೂರುಗಳು ಅವಳ ಡಬ್ಬಿ ಸೇರ್ತವೆ. ಅವು ಗೊಂಬೆಗೆ. ಮೊದಲು ಓಣಿಯ ಹುಡುಗಿಯರ ಗೊಂಬಿ ಮದುವೆಗೆ ಅರಿವಿಯ ಗಂಡು-ಹೆಣ್ಣು ಕಟ್ಟಿಕೊಡುತ್ತಿದ್ದಳು. ಈಗ ಜಾತ್ರೆಯಲ್ಲಿ ಸಿಗುವ ಹನ್ನೊಂದು ಇಂಚಿನ ಪ್ಲಾಸ್ಟಿಕ್ ಗೊಂಬೆಯ ಫ್ರಾಕು ಕಿತ್ತು ಇಳಕಲ್ ಸೀರೆ ಉಡಿಸ್ತಾಳೆ. ಹತ್ತಿರದ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಮನೆಮಾತು ಮಾಡಿದ ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಸಾಕು, ಚಿಗವ್ವನ ಕೈಯಲ್ಲೊಂದು ಸತ್ಯಭಾಮೆ ತಯಾರು!

“ಏನ್ ಮಹಾ ಚಿಗವ್ವಾ, ದೊಡ್ಡ ಸೀರಿ ಕತ್ತರಿಸಿದ್ರ ಸಣ್ಣ ಸೀರಿ ಆತು” ಅಂದೆ.

“ಹಂಗಂತಿ? ಕುಂದರು, ಲೆಕ್ಕಾ ಮಾಡು.”

ಸಿಕ್ಕಿಬಿದ್ದೆ! ಐದೂವರೆ ಅಡಿ ಹೆಣ್ಣುಮಗಳು ಅಂದರೆ 66 ಇಂಚು. ಗೊಂಬೆ 11 ಇಂಚು. ಅಂದರೆ ಆರನೇ ಒಂದು ಪಾಲು. ಆರು ಗಜದ ಸೀರೆ ಇಲ್ಲಿ ಒಂದೇ ಗಜ ಆಗಬೇಕು, 48 ಇಂಚಿನ ಅಗಲ 8 ಇಂಚು ಆಗಬೇಕು. ಲೆಕ್ಕ ಮುಗೀತು ಅಂದುಕೊಂಡೆ. ಚಿಗವ್ವ ನಕ್ಕಳು. “ಉದ್ದಾ ಆತು, ಅಗಲಾ ಆತು. ಅರಿವಿ ದಪ್ಪಾ ಯಾರ್ ಕಡಿಮಿ ಮಾಡೋರು, ನಿಮ್ಮಪ್ಪ?”

ಅಲ್ಲೇ ಇರೋದು ಗುಟ್ಟು ಗೆಳೆಯರೇ! ಸೀರೆ ಸಣ್ಣದಾದರೂ ಎಳೆ ಸಣ್ಣದಾಗಲ್ಲ. ಹೊಸ ಬಟ್ಟೆ ಉಡಿಸಿದರೆ ನೆರಿಗೆ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತೆ, ಗೊಂಬೆ ನೆಲ್ಲಿನ ಮೂಟೆ ಕಟ್ಟಿಕೊಂಡಂತೆ ಕಾಣುತ್ತೆ. ಅದಕ್ಕೆ ಇಪ್ಪತ್ತು ವರ್ಷ ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಬೇಕು. ನೆರಿಗೆ ಅರ್ಧಕ್ಕಿಳಿಸಬೇಕು, ಇಸ್ತ್ರಿ ಮಾಡಿ ಒಳಗಿನಿಂದ ಎರಡು ಹೊಲಿಗೆ ಹಾಕಿ ಕೂರಿಸಬೇಕು. ಅಂಚು ಎರಡು ಸಲ ಮಡಚಿದರೆ ದಪ್ಪ. ಒಂದೇ ಮಡಿಕೆ ಹಾಕಿ, ಎಳೆ ಬಿಡದ ಹಾಗೆ ತೆಳ್ಳಗೆ ಗೋಂದು ಸವರಬೇಕು. ಕಡುಬಣ್ಣದ ಚೂರಾದರೆ ಮೊದಲು ನೀರಲ್ಲಿ ನೆನೆಸಿ ಬಣ್ಣ ಬಿಡಿಸಬೇಕು. ಇಲ್ಲದಿದ್ದರೆ ತಿಂಗಳೊಳಗೆ ಗೊಂಬೆಯ ಮೈಯೆಲ್ಲ ಕೆಂಪು!

ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಅದರ ಹೂವು ಮೊದಲೇ ಸಣ್ಣದು, ಗೊಂಬೆಗೆ ಅಳತೆ ಕೊಟ್ಟು ನೇಯ್ದಂಗಿದೆ. ಇನ್ನೊಂದು ಚಮತ್ಕಾರ ಕಸೂತಿಯದು. ಕಸೂತಿಗೆ ಪೆನ್ಸಿಲ್ಲಿನ ಗೆರೆ ಇಲ್ಲ, ಬಟ್ಟೆಯ ಎಳೆ ಎಣಿಸಿ ಹಾಕೋದು. ಹಾಗಾಗಿ ಬಟ್ಟೆ ನಯವಾದಷ್ಟೂ ಅದೇ ಗೋಪುರ, ಅದೇ ತೇರು ತಾನಾಗಿ ಚಿಕ್ಕದಾಗ್ತದೆ! ಯಾವ ಕಾಲೇಜಿನಲ್ಲೂ ನನಗೆ ಇಷ್ಟು ಸಲೀಸಾಗಿ ಗಣಿತ ಅರ್ಥವಾಗಿರಲಿಲ್ಲ.

ಹೊರಡುವಾಗ ಚಿಗವ್ವ ಅಂದಳು, “ಸೀರಿ ಉಡಸೂದು ನನಗ ಬರ್ತದ ತಮ್ಮಾ. ಕತ್ತರೀ ಕೆಲಸಾ ನೋಡಬೇಕಂದ್ರ ಹುಕ್ಕೇರಿಗೆ ಹೋಗು.”

ಕಲ್ಪನಾ ಬ್ಲೌಜು

ಇದೋ, ಹೀರೋ ಎಂಟ್ರಿ! ಹುಕ್ಕೇರಿಯ ಒಂದು ಸಣ್ಣ ಅಂಗಡಿ, ಒಂದು ಕಾಲುಮಷೀನು, ಎಪ್ಪತ್ತು ದಾಟಿದ ಟೇಲರ್ ಕಾಕಾ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ‘ಶರಪಂಜರ’ ಬಂದ ಕಾಲಕ್ಕೆ ಇವರು ಕಾಜಾ-ಗುಂಡಿ ಮಾಡುವ ಹುಡುಗ. “ಹೆಣ್ಣಮಕ್ಳು ಮ್ಯಾಗಜಿನ್ ಹಿಡ್ಕೊಂಡ್ ಬರೋರು. ಕಲ್ಪನಾನ್ ಹಂಗ ಉದ್ದ ತೋಳಿಂದು ಹೊಲಕೊಡ್ರಿ ಅನ್ನೋರು. ನಮ್ಮ ಮಾಸ್ತರು ಫೋಟೋ ಒಮ್ಮೆ ನೋಡೋರು, ಖಡು ಎಳ್ಯೋರು, ಕತ್ತರಿ ಹಾಕೋರು. ಪೇಪರ್ ಇಲ್ಲ, ನಕ್ಷಾ ಇಲ್ಲ.”

ಈಗ ಕಾಕಾ ಅಂಗಡಿಗೆ ಬರೋದು ರೆಡಿಮೇಡ್ ಪ್ಯಾಂಟಿನ ಕಾಲು ಮಡಚೋಕೆ, ಜಿಪ್ ಹಾಕಿಸೋಕೆ. ಕುಪ್ಪಸ ಕತ್ತರಿಸಿ ಎಷ್ಟೋ ವರ್ಷ ಆಯ್ತಂತೆ. ಆದರೆ ಕಪಾಟಿನ ಮೇಲಿನ ಅರೆಯಲ್ಲಿ ಒಂಬತ್ತು ಗೊಂಬೆ ನಿಂತಿವೆ. ‘ಬೆಳ್ಳಿ ಮೋಡ’ದ ಕಲ್ಪನಾ, ‘ಗೆಜ್ಜೆ ಪೂಜೆ’ಯ ಕಲ್ಪನಾ, ‘ಶರಪಂಜರ’ದ ಕಲ್ಪನಾ... ಮುಖ ಜಾತ್ರೆಯ ಪ್ಲಾಸ್ಟಿಕ್ಕಿನದೇ. ಆದರೆ ತೋಳು, ಕೊರಳು, ಬೆನ್ನಿನ ಕತ್ತರಿ ಮಾತ್ರ ಆ ಕಾಲದ್ದು. ಬಿಚ್ಚಬಹುದು, ತೊಡಿಸಬಹುದು, ಒಳಗಿನ ಹೊಲಿಗೆ ಎಣಿಸಬಹುದು.

ಸಂಕೇಶ್ವರದ ಹತ್ತಿರದ ಗೋಟೂರು ಇಲ್ಲಿಂದ ದೂರವೇನಲ್ಲ. ನಾಟಕಕ್ಕೆಂದು ಈ ಸೀಮೆಗೆ ಬಂದಿದ್ದ ಮಿನುಗುತಾರೆ 1979ರ ಮೇ ತಿಂಗಳಲ್ಲಿ ಗೋಟೂರಿನ ಪ್ರವಾಸಿ ಮಂದಿರದಲ್ಲೇ ಕಣ್ಣುಮುಚ್ಚಿದರು. ಇನ್ನೂ 36 ತುಂಬಿರಲಿಲ್ಲ. ಆ ಸಾವಿನ ಬಗ್ಗೆ ಕೇಳಲಾರದ ಕತೆ ಕೇಳಿ ಕೇಳಿ ಬೇಸತ್ತ ಊರಿನಲ್ಲಿ, ಒಬ್ಬ ದರ್ಜಿ ಅವರ ಕುಪ್ಪಸದ ತೋಳನ್ನು ನೆನಪಿಟ್ಟುಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ಅಭಿಮಾನಿ ಯಾರಿದ್ದಾರೆ ಹೇಳಿ?

‘ಬೆಳ್ಳಿ ಮೋಡ’ ಕಪ್ಪು-ಬಿಳುಪು ಚಿತ್ರ ಅಲ್ವಾ, ಸೀರೆಯ ಬಣ್ಣ ಹೇಗೆ ಗೊತ್ತಾಯ್ತು ಅಂತ ಕೇಳಿದೆ. “ಗೊತ್ತಿಲ್ಲಪಾ. ಅದಕ್ಕ ಬೂದಿಬಣ್ಣದಾಗ ಹೊಲದೀನಿ. ಗೊತ್ತಿಲ್ಲದ್ದನ್ನ ಹಚ್ಚಬಾರದು.” ಅಂದರು. ನಮ್ಮ ಪತ್ರಕರ್ತ ಬಂಧುಗಳು ಗೋಡೆಗೆ ಬರೆಸಿಕೊಳ್ಳಬೇಕಾದ ಮಾತು!

“ಕಾಕಾ, ಅಳತಿ ಹೇಳ್ರಿ, ಬರ್ಕೋತೀನಿ” ಅಂದೆ. ಪೆನ್ನು ಕಸಿದು ಕತ್ತರಿ ಕೊಟ್ಟರು. “ಬರದ್ರ ಬರೂದಿಲ್ಲ, ಹೊಲದ್ರ ಬರ್ತದ.” ಎರಡು ತಾಸು ಕೂರಿಸಿ ಒಂದು ತೋಳು ಹೊಲಿಸಿದರು. ಕಲಿತದ್ದು ಇಷ್ಟು: ಗೊಂಬೆಯ ತೋಳನ್ನು ಕೊಳವೆ ಮಾಡಿ ಆಮೇಲೆ ಕೂಡಿಸಲು ಹೋಗಬಾರದು, ಬೆರಳೇ ಹಿಡಿಯಲ್ಲ. ಬಟ್ಟೆ ಚಪ್ಪಟೆ ಇರುವಾಗಲೇ ತೋಳನ್ನು ಹೆಗಲಿಗೆ ಕೂಡಿಸಿ, ಕೊನೆಗೆ ಕಂಕುಳು ಮತ್ತು ಪಕ್ಕ ಒಂದೇ ಹೊಲಿಗೆಯಲ್ಲಿ ಮುಚ್ಚಬೇಕು. ಬೆನ್ನು ಪೂರ್ತಿ ತೆರೆದಿಟ್ಟು ಒತ್ತುಗುಂಡಿ ಹಾಕಬೇಕು. ಉದ್ದ ತೋಳು ತೊಡಿಸುವಾಗ ಗೊಂಬೆಯ ಬೆರಳು ಸಿಕ್ಕಿಕೊಳ್ಳುತ್ತೆ. ಕೈಗೆ ಪ್ಲಾಸ್ಟಿಕ್ ಚೀಲದ ತುಂಡು ಸುತ್ತಿ ತೂರಿಸಿದರೆ ಬೆಣ್ಣೆಯ ಹಾಗೆ ಜಾರುತ್ತೆ!

ಹೊಲಿಯುವಾಗ ಕಾಕಾ ಕೈ ನೋಡಿದೆ. ಸೂಜಿ ಪೋಣಿಸಲು ಮೂರು ಸಲ ಪ್ರಯತ್ನ. “ಕೈ ನಡಗಾಕ ಹತ್ಯಾವ. ಇನ್ನೊಂದ್ ಎರಡು ಗೊಂಬಿ ಆಗಬಹುದು” ಅಂದರು, ಬಸ್ಸು ತಡ ಆಗಬಹುದು ಅನ್ನುವಷ್ಟೇ ಸಹಜವಾಗಿ.

ತಂತಿಯ ಸುಂದರಿಯರು

ಮುದುಕರ ಹುಚ್ಚು ಅಂತ ನಗಬೇಡಿ. 1945ರ ಮಾರ್ಚ್, ಪ್ಯಾರಿಸ್. ಯುದ್ಧದಿಂದ ಊರು ಬಡವಾಗಿತ್ತು, ಬಟ್ಟೆಗೆ ಬರ. ಅಲ್ಲಿನ ಹೆಸರಾಂತ ದರ್ಜಿಗಳು ಏನು ಮಾಡಿದರು ಗೊತ್ತೇ? ಸುಮಾರು 70 ಸೆಂಟಿಮೀಟರಿನ ತಂತಿಗೊಂಬೆಗಳಿಗೆ ಹೊಸ ಉಡುಪು ಹೊಲಿದು ಪ್ರದರ್ಶನ ಇಟ್ಟರು. ನಿಜವಾಗಿ ಹಾಕಿ ತೆಗೆಯುವ ಗುಂಡಿ, ಬೆರಳಷ್ಟು ಕೈಚೀಲ! ನೋಡಲು ಜನ ಮುಗಿಬಿದ್ದರು. ಗೊಂಬೆಗಳು ಲಂಡನ್ ನೋಡಿದವು, 1946ರಲ್ಲಿ ಅಮೆರಿಕಕ್ಕೂ ಹೋದವು. ಅಲ್ಲಿನ ಮೇರಿಹಿಲ್ ಸಂಗ್ರಹಾಲಯದಲ್ಲಿ ಇವತ್ತಿಗೂ ಇವೆ. ಆಳೆತ್ತರದ ಉಡುಪಿಗೆ ಬಟ್ಟೆ ಇಲ್ಲದಾಗ ಒಂದು ಕಸುಬಿನ ಮಾನ ಉಳಿಸಿದ್ದು ಗೊಂಬೆ.

ಅಷ್ಟು ದೂರ ಬೇಡ ಅಂದರೆ ಹುಕ್ಕೇರಿ ಪಕ್ಕದ ಕೊಲ್ಲಾಪುರ ನೋಡಿ. ಭಾನು ಅಥೈಯಾ ಹುಟ್ಟಿದ್ದು ಅಲ್ಲಿ, 1929ರಲ್ಲಿ. ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕೆ 1983ರಲ್ಲಿ ಆಸ್ಕರ್ ಪಡೆದರು. ಭಾರತಕ್ಕೆ ಬಂದ ಮೊಟ್ಟಮೊದಲ ಆಸ್ಕರ್ ನಟನದ್ದಲ್ಲ, ನಿರ್ದೇಶಕನದ್ದಲ್ಲ, ಬಟ್ಟೆಯ ಕೆಲಸ ಬಲ್ಲ ಹೆಣ್ಣುಮಗಳದ್ದು! ಅವರು 2020ರಲ್ಲಿ ತೀರಿಕೊಂಡರು. ನಮ್ಮ ಕನ್ನಡ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ವಸ್ತ್ರಾಲಂಕಾರ ಅಂತ ಬರುವ ಹೆಸರು ಎಷ್ಟು ಜನ ಓದುತ್ತೀರಿ? ಅಷ್ಟೊತ್ತಿಗೆ ನಾವು ಸೀಟು ಹುಡುಕ್ತಿರ್ತೀವಿ.

ಅಭಿಮಾನಿ ಗೆಳೆಯರೇ, ನಾವು ಕಟೌಟು ಕಟ್ಟೋರು. ಕಟ್ಟೋಣ, ಹಾರ ಹಾಕೋಣ, ಬೇಡ ಅಂದವರ್ಯಾರು? ಆದರೆ ಮಳೆ ಬಂದರೆ ಬಣ್ಣ ಹೋಯ್ತು, ಮುಂದಿನ ಶುಕ್ರವಾರ ಬಂದರೆ ಕಟೌಟೇ ಹೋಯ್ತು. ನಿಮ್ಮ ಊರಿನ ಹಳೇ ಟೇಲರ್ ಹತ್ತಿರ ಒಂದು ಅಂಗೈಯಗಲ ಬಟ್ಟೆ, ಒಂದು ಗೊಂಬೆ ಹಿಡ್ಕೊಂಡು ಹೋಗಿ. ನಿಮ್ಮ ಮೆಚ್ಚಿನ ತಾರೆಯ ಫೋಟೋ ತೋರಿಸಿ. ಇದರ ತೋಳು ಹೇಗೆ ಕತ್ತರಿಸ್ತಿದ್ರಿ ಕಾಕಾ ಅಂತ ಕೇಳಿ. ಗಂಡುಮಕ್ಕಳಿಗೇಕೆ ಗೊಂಬೆ ಅಂತ ಯಾರಾದರೂ ಕಿಸಕ್ಕಂದರೆ, ನಿಮ್ಮ ಅಂಗಿ ಹೊಲಿದದ್ದು ಯಾರು ಸ್ವಾಮಿ ಅಂತ ತಿರುಗಿ ಕೇಳಿ!

ಹುಕ್ಕೇರಿಯ ಕಪಾಟಿನಲ್ಲಿ ಹತ್ತನೆಯ ಗೊಂಬೆ ಅರ್ಧ ಆಗಿ ನಿಂತಿದೆ. ಎಡತೋಳು ಕಾಕಾ ಹೊಲಿದದ್ದು, ಬಲತೋಳು ನನ್ನದು. ಕೊರಳು ಬಾಕಿ ಇದೆ. ಬರುವ ಭಾನುವಾರ ಬಾ ಅಂದಿದ್ದಾರೆ.

ಬರಲಾ? ಮುಂದಿನ ವಾರ ಸಿಗೋಣ.